ಜೇಬಲ್ಲಿ ನಾಲ್ಕು ಪೆನ್ನಿಟ್ಕೊಂಡ ಕುಡುಮಿ

ದಪ್ಪ ಕನ್ನಡಕ, ಕುತ್ತಿಗೆವರೆಗೂ ಹಾಕಿದ ಗುಂಡಿ, ಎದೆ ಜೇಬಲ್ಲಿ ಸಾಲಾಗಿ ಪೆನ್ನು, ಕಾರ್ಟೂನಲ್ಲಿ ಕುಡುಮಿ ಅಂದ್ರೆ ಹೀಗೇ ಇರ್ತಾನೆ. ನಂಗೆ ಕನ್ನಡಕ ಇಲ್ಲ, ಮೇಲಿನ ಗುಂಡಿನೂ ಹಾಕಲ್ಲ, ಆದ್ರೆ ಪೆನ್ನಿನ ವಿಷ್ಯಕ್ಕೆ ಬಂದ್ರೆ ನಾನೂ ಅದೇ ಗುಂಪು. ಆ ಪಾಕೆಟ್ ಪ್ರೊಟೆಕ್ಟರ್ ಇದ್ಯಲ್ಲ, ಜೇಬೊಳಗೆ ಇಟ್ಕೊಳ್ಳೋ ಪ್ಲಾಸ್ಟಿಕ್ ಚೀಲ, ಅದಕ್ಕೆ ಅಮೆರಿಕದ ಇಂಜಿನಿಯರ್ ಹರ್ಲಿ ಸ್ಮಿತ್ 1947ರಲ್ಲಿ ಪೇಟೆಂಟ್ ಪಡೆದಿದ್ದು ಶರ್ಟಿಗೆ ಇಂಕಿನ ಕಲೆ ಆಗ್ಬಾರ್ದು ಅಂತ. ಅಂದ್ರೆ ನೀಟಾಗಿ ಕಾಣ್ಲಿ ಅಂತ ಮಾಡಿದ್ದನ್ನೇ ನೋಡಿ ಜನ ನಗೋದು, ಇರ್ಲಿ.

ನಾನು ಒಳ್ಳೆ ಪೆನ್ನಿಗೆ ಬಿದ್ದಿದ್ದು ಶೋಕಿಗಲ್ಲ, ಕೈ ನೋವಿಗೆ. ಲೆಕ್ಕ ಬಿಡಿಸೋದು, ಕೋಡ್ ಬರೆಯೋಕೆ ಮುಂಚೆ ಯೋಚ್ನೆ ಮಾಡೋದು ಎಲ್ಲ ಪೇಪರ್ ಮೇಲೇ, ಸಂಜೆ ಆಗೋಷ್ಟರಲ್ಲಿ ಹೆಬ್ಬೆರಳ ಬುಡ ಹಿಡ್ಕೊಳ್ತಿತ್ತು. ಬಾಲ್‌ಪೆನ್ನಿನ ಇಂಕು ಎಣ್ಣೆ ಸೇರಿದ ಗಟ್ಟಿ ಪೇಸ್ಟು, ತುದಿಯ ಗುಂಡು ಉರುಳಿ ಅದು ಪೇಪರಿಗೆ ಹತ್ಬೇಕು ಅಂದ್ರೆ ಒತ್ತಲೇಬೇಕು. ಜೆಲ್ ಪೆನ್ನಲ್ಲಿ ನೀರಿನ ಇಂಕು, ಒತ್ತೋದು ಕಮ್ಮಿ, ಮೊದ್ಲು ಅದಕ್ಕೆ ಹೋದೆ, ಸಬ್‌ಸ್ಕ್ರಿಪ್ಟ್ ಅಂದ್ರೆ ಸೂತ್ರದಲ್ಲಿ ಅಕ್ಷರದ ಕೆಳಗೆ ಬರೋ ಚಿಕ್ಕ ಅಂಕಿ ಬರೆಯೋಕೆ ಈಗ್ಲೂ 0.38 ಮಿ.ಮೀ. ತುದಿಯ ಜೆಲ್ ಪೆನ್ನೇ. ಫೌಂಟನ್ ಪೆನ್ನಲ್ಲಂತೂ ಒತ್ತೋ ಪ್ರಶ್ನೆನೇ ಇಲ್ಲ, ನಿಬ್ಬಿನ ಸೀಳಲ್ಲಿ ಇಂಕು ತಾನೇ ಇಳಿದು ಬರತ್ತೆ, ಪೆನ್ನಿನ ಭಾರನೇ ಸಾಕು. ಆದ್ರೆ ಒತ್ತೋ ಅಭ್ಯಾಸ ಕೈಯಿಂದ ಬೇಗ ಹೋಗಲ್ಲ, ಬರೀತಾ ಬರೀತಾ ಮಧ್ಯೆ ನಿಲ್ಸಿ ಹಿಡಿತ ಸಡಿಲ ಮಾಡ್ಕೊಂಡೇ ಕಲಿತೆ.

ಹೊಸ ನಿಬ್ಬು ಕೆರೆದ ಹಾಗೆ ಬರೆದ್ರೆ ತಕ್ಷಣ ಮೂಲೆಗೆ ಎಸೀಬೇಡಿ. ನಾನು ಭೂತಗನ್ನಡಿ ಹಿಡಿದು ತುದಿನ ನೇರ ಎದುರಿಂದ ನೋಡ್ತೀನಿ, ಸೀಳಿನ ಆಚೆ ಈಚೆ ಇರೋ ಎರಡು ಎಲೆ ಒಂದೇ ಮಟ್ಟದಲ್ಲಿ ಇರ್ಬೇಕು, ಸುಮಾರು ಸಲ ಒಂದು ಎಲೆ ಕೂದಲೆಳೆಯಷ್ಟು ಮೇಲೆದ್ದಿರತ್ತೆ. ಎದ್ದಿರೋದನ್ನ ಉಗುರಲ್ಲಿ ಮೆಲ್ಲಗೆ ಕೆಳಗೊತ್ತಿ, ಬಿಟ್ಟು, ಮತ್ತೆ ನೋಡೋದು, ಅವಸರ ಮಾಡಿದ್ರೆ ಕೆಟ್ಟೋಗತ್ತೆ. ಪೇಪರಲ್ಲಿ 8 ಅಂಕಿ ಬರೆದಾಗ ಎಲ್ಲಾ ತಿರುವಲ್ಲೂ ಒಂದೇ ಥರ ಜಾರಿದ್ರೆ ಆಯ್ತು. ಮರಳುಕಾಗದದಲ್ಲಿ ಉಜ್ಜಿ ಅಂತ ಹೇಳೋರಿದ್ದಾರೆ, ನಾನಂತೂ ಅದ್ರ ತಂಟೆಗೆ ಹೋಗಲ್ಲ, ತುದಿಯಲ್ಲಿರೋ ಗಟ್ಟಿ ಲೋಹದ ಚುಕ್ಕೆ ಸವೆದ್ರೆ ನಿಬ್ಬೇ ಹೋದಂಗೆ.

ಪೇಪರ್ ಕಡೆನೂ ಗಮನ ಇರ್ಲಿ, ತೆಳು ಪೇಪರಲ್ಲಿ ಇಂಕು ಹರಡಿ ಹಿಂದಿನ ಪುಟಕ್ಕೂ ಇಳಿಯತ್ತೆ, ಆಮೇಲೆ ಪೆನ್ನನ್ನ ಬಯ್ದು ಏನು ಪ್ರಯೋಜನ. ಇಂಕ್ ಬದಲಾಯಿಸೋವಾಗ ತಣ್ಣೀರಲ್ಲಿ ತಿಳಿ ನೀರು ಬರೋವರೆಗೂ ತೊಳೀತೀನಿ. ಡ್ರಾಯಿಂಗಿಗೆ ಬಳಸೋ ಇಂಡಿಯಾ ಇಂಕ್ ಮಾತ್ರ ಹಾಕ್ಲೇಬೇಡಿ, ಅದ್ರಲ್ಲಿರೋ ಅರಗು ಒಣಗಿದ್ರೆ ಒಳಗೆಲ್ಲ ಕಟ್ಕೊಳ್ಳತ್ತೆ.

ಈಗ ಜೇಬಲ್ಲಿ ಒಂದು ಫೌಂಟನ್, ಎರಡು ಜೆಲ್, ಒಂದು ಸಾದಾ ಬಾಲ್‌ಪೆನ್. ಕೊನೇದು ಕಾರ್ಬನ್ ಹಾಕಿದ ಫಾರ್ಮಿಗೆ, ಅಲ್ಲಿ ಒತ್ತಿದ್ರೇನೇ ಕೆಳಗಿನ ಪ್ರತಿ ಮೂಡೋದು. ಮತ್ತೆ 'ಏನ್ ಗುರು, ಪೆನ್ ಅಂಗಡಿ ಇಟ್ಟಿದ್ದೀಯಾ' ಅಂತ ನಕ್ಕು ಮರುಕ್ಷಣನೇ 'ಒಂದ್ ಪೆನ್ ಕೊಡು' ಅನ್ನೋರಿಗೂ ಅದನ್ನೇ ಕೊಡೋದು.