ಹಳೆ ಮಷಿನ್ ತಂದಿದ್ದೀರಾ? ರಿವೈಂಡಿಂಗ್‌ಗೆ ಕೊಡುವ ಮುಂಚೆ ಪುಲ್ಲಿ ನೋಡಿ

ದಾವಣಗೆರೆಯಲ್ಲಿ ಬಡಗಿ ಕೆಲಸ ಶುರು ಮಾಡುವ ಎಷ್ಟೋ ಹುಡುಗರು ಮೊದಲು ತರುವುದು ಸೆಕೆಂಡ್ ಹ್ಯಾಂಡ್ ಮಷಿನ್. ಒಂದೇ ಟೇಬಲ್ಲಿಗೆ ರಂದ, ಗರಗಸ ಎರಡೂ ಇರುವಂಥದ್ದು. ಶೆಡ್ಡಿಗೆ ತಂದು ಸ್ವಿಚ್ ಒತ್ತಿದರೆ ಮೋಟಾರ್ ‘ಗುಂಯ್’ ಅನ್ನುತ್ತದೆ, ತಿರುಗುವುದಿಲ್ಲ. ನೋಡಿದವರು ‘ಕಾಯಿಲ್ ಸುಟ್ಟಿದೆ’ ಅಂದುಬಿಡುತ್ತಾರೆ. ಮೋಟಾರ್ ಸೀದಾ ರಿವೈಂಡಿಂಗ್ ಅಂಗಡಿ, ಅಂದರೆ ಕಾಯಿಲ್ ಹೊಸದಾಗಿ ಸುತ್ತಿಕೊಡುವ ಅಂಗಡಿ ಸೇರುತ್ತದೆ.

ಸ್ವಲ್ಪ ತಾಳಿ. ಗುಂಯ್ ಅನ್ನುವ ಮೋಟಾರಿನ ಕಾಯಿಲ್ ಬಹಳ ಸಲ ಚೆನ್ನಾಗಿಯೇ ಇರುತ್ತದೆ. ಆದರೆ ಹಾಗೇ ಸ್ವಿಚ್ ಹಾಕಿಟ್ಟರೆ ನಿಜಕ್ಕೂ ಸುಡುತ್ತದೆ. ತಕ್ಷಣ ಆಫ್ ಮಾಡಿ, ಪ್ಲಗ್ ಕಿತ್ತಿಡಿ.

ಮೊದಲು ಬೆಲ್ಟ್ ಬಿಚ್ಚಿ

ಬೆಲ್ಟ್ ತೆಗೆದು ಮೋಟಾರಿನ ಶಾಫ್ಟನ್ನೂ ಬ್ಲೇಡಿನ ಶಾಫ್ಟನ್ನೂ ಬೇರೆ ಬೇರೆಯಾಗಿ ಕೈಯಲ್ಲಿ ತಿರುಗಿಸಿ. ಬ್ಲೇಡಿನ ಶಾಫ್ಟ್ ಬಿಗಿಯಾಗಿದ್ದರೆ ತೊಂದರೆ ಅದರ ಬೇರಿಂಗಿನದು. ಎರಡೂ ಸಲೀಸಾಗಿ ತಿರುಗಿದರೆ, ಬೆಲ್ಟ್ ಇಲ್ಲದೆ ಮೋಟಾರ್ ಒಂದನ್ನೇ ಎರಡು ಸೆಕೆಂಡ್ ಹಾಕಿ ನೋಡಿ. ಆಗಲೂ ಬರೀ ಗುಂಯ್ ಅಂದರೆ ಕೆಪಾಸಿಟರ್ (ಮೋಟಾರ್ ಶುರುವಾಗಲು ನೆರವಾಗುವ ಡಬ್ಬಿ), ಇಲ್ಲವೇ ಒಳಗಿನ ಸೆಂಟ್ರಿಫ್ಯೂಗಲ್ ಸ್ವಿಚ್ (ವೇಗ ಹಿಡಿದ ಮೇಲೆ ಸ್ಟಾರ್ಟಿಂಗ್ ಕಾಯಿಲನ್ನು ತಾನೇ ಬಿಡಿಸುವ ಸ್ವಿಚ್) ಮೇಲೆ ಅನುಮಾನ ಪಡಬೇಕು. ಇದು ಸಿಂಗಲ್ ಫೇಸ್ ಮೋಟಾರಿನ ಮಾತು. ತ್ರೀ ಫೇಸ್ ಆದರೆ ಮೂರೂ ಫೇಸ್ ಬರುತ್ತಿದೆಯೋ ನೋಡಿ.

ಪ್ಲಗ್ ಕಿತ್ತ ಮೇಲೂ ಕೆಪಾಸಿಟರ್ ಶಾಕ್ ಹೊಡೆಯಬಹುದು. ಹಳೆ ತರದ ಫಿಲಮೆಂಟ್ ಬಲ್ಬ್ (ಎಲ್‌ಇಡಿ ಅಲ್ಲ) ಹಾಕಿದ ಹೋಲ್ಡರಿನ ಎರಡು ವೈರನ್ನು ಅದರ ಎರಡು ತುದಿಗೆ ಮುಟ್ಟಿಸಿ, ಒಳಗಿನ ಕರೆಂಟ್ ಇಳಿಸಿ, ಆಮೇಲೆ ಕೈ ಹಾಕಿ. ಉಬ್ಬಿದ್ದರೆ, ಎಣ್ಣೆ ಜಿನುಗಿದ್ದರೆ ಬದಲಿಸಿ. ಮೈಕ್ರೋಫ್ಯಾರಡ್ ಅಷ್ಟೇ ಇರಬೇಕು, ವೋಲ್ಟ್ ಮಾತ್ರ ಹಳೆಯದಕ್ಕಿಂತ ಕಡಿಮೆ ಇರಬಾರದು. ಸೆಂಟ್ರಿಫ್ಯೂಗಲ್ ಸ್ವಿಚ್ಚಿನಲ್ಲಿ ಮರದ ಹೊಟ್ಟು ತುಂಬಿಕೊಂಡಿರುತ್ತದೆ. ಬ್ರಷ್ಷಿನಿಂದ ಉಜ್ಜಿ, ಕರೆಂಟ್ ಕೂಡುವ ಪಾಯಿಂಟನ್ನು ನಯವಾದ ಎಮೆರಿ ಪೇಪರಿನಿಂದ ತಿಕ್ಕಿ. ಅದು ಸರಿ ಇದ್ದರೆ ಮೋಟಾರ್ ಆಫ್ ಮಾಡಿ ವೇಗ ಇಳಿಯುವಾಗ ‘ಟಕ್’ ಅಂತ ಸದ್ದು ಬರುತ್ತದೆ.

ವೈಂಡಿಂಗ್, ಅಂದರೆ ಕಾಯಿಲಿನ ತಂತಿ ಸುತ್ತು, ಕಪ್ಪಾಗಿ ಸುಟ್ಟ ವಾಸನೆ ಬಂದರೆ ಮಾತ್ರ ಅಂಗಡಿಗೆ ಕೊಡಿ. ತಾಮ್ರದ ತಂತಿಯನ್ನೇ ಹಾಕಿಸಿ. ಕೆಲಸ ಮುಗಿದ ಮೇಲೆ ಬಾಡಿಗೂ ವೈಂಡಿಂಗಿಗೂ ನಡುವೆ ಮೆಗ್ಗರ್ (ಕರೆಂಟ್ ಬಾಡಿಗೆ ಸೋರುತ್ತದೆಯೇ ಅಂತ ನೋಡುವ ಮೀಟರ್) ಹಾಕಿಸಿ, ಕನಿಷ್ಠ 1 ಮೆಗಾ ಓಮ್ ತೋರಿಸಬೇಕು.

ಶಾಫ್ಟನ್ನು ಮೇಲಕ್ಕೂ ಕೆಳಕ್ಕೂ ಅಲ್ಲಾಡಿಸಿದರೆ ಲೊಡಲೊಡ ಅನ್ನುತ್ತದೆಯೇ? ಬೇರಿಂಗ್ ಹೋಗಿದೆ. ಅಂಚಿನಲ್ಲಿ 6204, 6205 ಅಂತ ನಂಬರ್ ಇರುತ್ತದೆ, ಅದನ್ನೇ ತನ್ನಿ. ಹೊಟ್ಟು ಒಳಗೆ ಹೋಗದಂತೆ ರಬ್ಬರ್ ಸೀಲಿನದು ಒಳ್ಳೆಯದು. ಮೋಟಾರಿನ ಪಕ್ಕದ ಕವರ್ ಬಿಚ್ಚುವ ಮುಂಚೆ ಬಾಡಿ ಮೇಲೆ, ಕವರ್ ಮೇಲೆ ಪಂಚಿನಿಂದ ಗುರುತು ಹಾಕಿ. ಕೂರಿಸುವಾಗ ಬೇರಿಂಗಿನ ಒಳ ಬಳೆಗೆ ಸರಿಯಾದ ಪೈಪ್ ಇಟ್ಟು ಹೊಡೆಯಿರಿ. ಹೊರ ಬಳೆಗೆ ಏಟು ಬಿದ್ದರೆ ಹೊಸ ಬೇರಿಂಗೂ ಹಾಳು.

ಪುಲ್ಲಿಗೆ ಸುತ್ತಿಗೆ ಬೇಡ

ಪುಲ್ಲಿ, ಅಂದರೆ ಬೆಲ್ಟ್ ಓಡುವ ಚಕ್ರ, ಬೀಡು ಕಬ್ಬಿಣದ್ದು. ಅಂಚಿಗೆ ಸುತ್ತಿಗೆ ಹೊಡೆದರೆ ಚೂರು ಹಾರುತ್ತದೆ. ಪುಲ್ಲಿಯನ್ನು ಶಾಫ್ಟಿಗೆ ಬಿಗಿಹಿಡಿಯುವ ತಲೆಯಿಲ್ಲದ ಗ್ರಬ್ ಸ್ಕ್ರೂ ಬಿಚ್ಚಿದರೂ ಪುಲ್ಲಿ ಅಲುಗುವುದಿಲ್ಲವೇ? ಅದೇ ತೂತಿಗೆ ಟಾರ್ಚ್ ಬಿಟ್ಟು ನೋಡಿ. ಕೆಳಗೆ ಇನ್ನೊಂದು ಗ್ರಬ್ ಸ್ಕ್ರೂ ಇರುವುದುಂಟು. ಎರಡನ್ನೂ ತೆಗೆದು, ಶಾಫ್ಟಿಗೆ ಸೀಮೆಎಣ್ಣೆಯನ್ನೋ ತುಕ್ಕು ಬಿಡಿಸುವ ಎಣ್ಣೆಯನ್ನೋ ಬಿಟ್ಟು ಒಂದು ರಾತ್ರಿ ಬಿಡಿ. ಬೆಳಿಗ್ಗೆ ಪುಲ್ಲರ್ (ಪುಲ್ಲಿ ಎಳೆಯುವ ಕೊಕ್ಕೆಯ ಸಾಧನ) ಹಾಕಿ ಎಳೆಯಿರಿ.

ಈಗ ಗಾಡಿ ನೋಡಿ, ಅಂದರೆ ಬೆಲ್ಟ್ ಕೂರುವ ವಿ ಆಕಾರದ ಹಳ್ಳ. ಬೆಲ್ಟ್ ಹಿಡಿಯಬೇಕಾದ್ದು ಎರಡು ಪಕ್ಕದ ಗೋಡೆಯನ್ನು. ತಳ ಮಿರಮಿರ ಹೊಳೆಯುತ್ತಿದ್ದರೆ ಪುಲ್ಲಿ ಸವೆದಿದೆ, ಬೆಲ್ಟ್ ತಳಕ್ಕೆ ಕೂತು ಜಾರುತ್ತಿದೆ ಅಂತ ಅರ್ಥ. ಅಂಥದ್ದಕ್ಕೆ ಎಷ್ಟು ಹೊಸ ಬೆಲ್ಟ್ ಹಾಕಿದರೂ ಸುಮ್ನೆ ದುಡ್ಡು ದಂಡ. ಪುಲ್ಲಿ, ಶಾಫ್ಟ್ ನಡುವೆ ಕೂರುವ ಕೀ (ಲೋಹದ ಬೆಣೆ) ಸಡಿಲ ಇದ್ದರೆ ತಗಡಿನ ಚೂರು ತುರುಕಬೇಡಿ, ಹೊಸ ಕೀ ಮಾಡಿಸಿ. ಪುಲ್ಲಿಯ ತೂತು ಸವೆದಿದ್ದರೆ ಲೇತ್‌ನಲ್ಲಿ ಬುಷ್ (ಒಳಗೆ ಕೂರುವ ಲೋಹದ ಬಳೆ) ಹಾಕಿಸಿ. ಪಕ್ಕದ ಹರಿಹರದಲ್ಲಿ 1941ರಲ್ಲಿ ಮೈಸೂರು ಕಿರ್ಲೋಸ್ಕರ್ ಶುರುವಾಗಿ ಲೇತ್‌ಗಳನ್ನೇ ತಯಾರಿಸುತ್ತಿತ್ತು. ಲೇತ್ ಕೆಲಸ ಗೊತ್ತಿರುವ ಊರುಗಳು ನಮ್ಮವು, ಬಳಸಿಕೊಳ್ಳೋಣ.

ಲೆಕ್ಕ ಹಾಕಲೇಬೇಕು

ಹಳೆ ಮಷಿನ್ನಿನಲ್ಲಿ ನನಗೆ ಜಾಸ್ತಿ ಭಯ ಇರುವುದು ಇಲ್ಲೇ. ಹಿಂದಿನವರು ಸುಟ್ಟ ಮೋಟಾರ್ ತೆಗೆದು ಬೇರೆ ವೇಗದ ಮೋಟಾರ್ ಕೂರಿಸಿರಬಹುದು, ಪುಲ್ಲಿ ಮಾತ್ರ ಹಳೆಯದೇ ಉಳಿದಿರುತ್ತದೆ. ಮೋಟಾರ್ ನಿಮಿಷಕ್ಕೆ ತಿರುಗುವ ಸುತ್ತನ್ನು ಮೋಟಾರ್ ಪುಲ್ಲಿಯ ವ್ಯಾಸದಿಂದ ಗುಣಿಸಿ, ಬ್ಲೇಡ್ ಪುಲ್ಲಿಯ ವ್ಯಾಸದಿಂದ ಭಾಗಿಸಿ. 1440 ಸುತ್ತಿನ ಮೋಟಾರಿಗೆ 6 ಇಂಚು, ಬ್ಲೇಡಿಗೆ 3 ಇಂಚು ಇದ್ದರೆ ನಿಮಿಷಕ್ಕೆ 2880 ಸುತ್ತು. ಅದೇ ಪುಲ್ಲಿಗೆ 2880ರ ಮೋಟಾರ್ ಬಂದರೆ 5760 ಆಯಿತು. ದೊಡ್ಡ ಬ್ಲೇಡಿಗೆ ಇದು ಪ್ರಾಣಕ್ಕೇ ಅಪಾಯ. ಎಷ್ಟು ಸುತ್ತಿನ ತನಕ ಓಡಿಸಬಹುದು ಅಂತ ಒಳ್ಳೆ ಬ್ಲೇಡಿನ ಮೇಲೇ ಬರೆದಿರುತ್ತದೆ. ಅದನ್ನು ಓದದೆ ಸ್ವಿಚ್ ಮುಟ್ಟಬೇಡಿ. ವೇಗ ಕಡಿಮೆಯಾದರೂ ಕಷ್ಟವೇ, ರಂದ ಹೊಡೆದ ಮರ ನುಣುಪಾಗದೆ ಕಿತ್ತುಬರುತ್ತದೆ.

ಕೂರಿಸುವುದು

ಎರಡು ಪುಲ್ಲಿಯ ಮುಖಕ್ಕೆ ಅಡ್ಡಲಾಗಿ ದಾರ ಎಳೆದು ಹಿಡಿಯಿರಿ. ಎರಡರ ದಪ್ಪ ಒಂದೇ ಇದ್ದರೆ ದಾರ ನಾಲ್ಕು ಕಡೆ ಮುಟ್ಟಬೇಕು. ಇಲ್ಲದಿದ್ದರೆ ಮೋಟಾರ್ ಸರಿಸಿ. ಬೆಲ್ಟನ್ನು ಸ್ಕ್ರೂಡ್ರೈವರ್ ಕೊಟ್ಟು ಎಬ್ಬಿಸಿ ಹಾಕಬೇಡಿ, ಒಳಗಿನ ದಾರ ಹರಿಯುತ್ತದೆ. ಬೋಲ್ಟ್ ಸಡಿಲಿಸಿ ಮೋಟಾರನ್ನೇ ಹತ್ತಿರ ತನ್ನಿ. ಎರಡು ಶಾಫ್ಟಿನ ನಡುವೆ 40 ಸೆಂಟಿಮೀಟರ್ ಇದ್ದರೆ, ಬೆಲ್ಟಿನ ಮಧ್ಯ ಬೆರಳಿನಿಂದ ಗಟ್ಟಿಯಾಗಿ ಒತ್ತಿದಾಗ ಸುಮಾರು 6 ಮಿಲಿಮೀಟರ್ ಬಗ್ಗಬೇಕು. ಬಿಗಿ ಜಾಸ್ತಿಯಾದರೆ ಈಗಷ್ಟೇ ಹಾಕಿದ ಬೇರಿಂಗ್ ಬೇಗ ಹೋಗುತ್ತದೆ.

ಅರ್ಥಿಂಗ್ ಕೊಡಿ. ಬೆಲ್ಟಿನ ಗಾರ್ಡ್ ಹಾಕಿ. ಬ್ಲೇಡ್ ಇಲ್ಲದೆ ಹತ್ತು ನಿಮಿಷ ಓಡಿಸಿ. ಗರಗಸದ ಶಾಫ್ಟಿನ ಮೇಲ್ಭಾಗ ನಿಮ್ಮ ಕಡೆಗೆ ತಿರುಗಬೇಕು. ಉಲ್ಟಾ ತಿರುಗಿದರೆ ಸಿಂಗಲ್ ಫೇಸಿನಲ್ಲಿ ಸ್ಟಾರ್ಟಿಂಗ್ ಕಾಯಿಲಿನ ಎರಡು ತುದಿ, ತ್ರೀ ಫೇಸಿನಲ್ಲಿ ಯಾವುದಾದರೂ ಎರಡು ಫೇಸ್ ಅದಲುಬದಲು ಮಾಡಿಸಿ. ಎಲ್ಲ ಸರಿಯಿದ್ದೂ ಸ್ಟಾರ್ಟ್ ಆಗಲು ಒದ್ದಾಡಿದರೆ ವೈರ್ ನೋಡಿ. ಮನೆಯಿಂದ ಶೆಡ್ಡಿಗೆ ತೆಳು ವೈರ್ ಉದ್ದಕ್ಕೆ ಎಳೆದಿದ್ದೀರಿ ಅಲ್ವಾ? ವೋಲ್ಟೇಜ್ ಅಲ್ಲೇ ಬಿದ್ದುಹೋಗಿರುತ್ತದೆ. ದಪ್ಪ ತಾಮ್ರದ ವೈರ್ ಹಾಕಿಸಿ.

ಹೊಸ ಬೆಲ್ಟ್ ಮೊದಲ ದಿನ ಸ್ವಲ್ಪ ಹಿಗ್ಗುತ್ತದೆ. ಸಂಜೆ ಪ್ಲಗ್ ಕಿತ್ತು ಇನ್ನೊಮ್ಮೆ ಬಿಗಿ ನೋಡಿ, ಹಾಗೇ ಗ್ರಬ್ ಸ್ಕ್ರೂಗಳಿಗೂ ಅಲೆನ್ ಕೀ ಹಾಕಿ ನೋಡಿ.