ಕೆರೆ ಹೂಳು ತೆಗೆಸಲು ಊರನ್ನು ಒಟ್ಟುಗೂಡಿಸುವ ಬಗೆ

‘ಕೆರೆ ಉಳಿಸೋಣ’ ಅಂದರೆ ಸಭೆಗೆ ಜನ ಬರುತ್ತಾರೆ, ಟ್ರ್ಯಾಕ್ಟರ್ ಬರುವುದಿಲ್ಲ. ಅಚ್ಚುಕಟ್ಟಿನಲ್ಲಿ, ಅಂದರೆ ಕೆರೆ ನೀರು ಹಾಯುವ ಜಮೀನಿನಲ್ಲಿ, ಗದ್ದೆ ಇಲ್ಲದವರಿಗೆ ಆ ಮಾತಿನಲ್ಲಿ ಏನೂ ಸಿಗದು. ಹಾಗಾಗಿ ಎಲ್ಲರಿಗೂ ತಾಕುವ ಒಂದೇ ಗುರಿಯನ್ನು ಮುಂದಿಡುತ್ತೇನೆ: ಮಾರ್ಚ್‌ನಿಂದ ಮೇ ಕೊನೆವರೆಗೆ ದನಕ್ಕೆ ಕುಡಿಯಲು ಕೆರೆಯಲ್ಲೇ ನೀರಿರಬೇಕು.

ಈ ಗುರಿಗೆ ಲೆಕ್ಕ ಸಿಗುತ್ತದೆ. 200 ದನ, ದಿನಕ್ಕೆ ತಲಾ 50 ಲೀಟರ್, 90 ದಿನ: 9 ಲಕ್ಷ ಲೀಟರ್. ಒಂದು ಎಕರೆಯಲ್ಲಿ 4 ಅಡಿ ಹೂಳು ತೆಗೆದರೆ ಸುಮಾರು 49 ಲಕ್ಷ ಲೀಟರ್ ನಿಲ್ಲುತ್ತದೆ. ಬೇಸಿಗೆಯ ಬಿಸಿಲಿಗೇ 2 ಅಡಿಯಷ್ಟು ಆವಿಯಾಗುತ್ತದೆ, ದನ ಇಳಿಯಲು ಇಳಿಜಾರು ಬಿಡಬೇಕು, ಒಂದಿಷ್ಟು ಇಂಗುತ್ತದೆ. ಆದರೂ ಸಾಕಾಗುತ್ತದೆ. ಎರಡೇ ಅಡಿ ತೆಗೆದು ಕೈಬಿಟ್ಟರೆ ಮೇ ತಿಂಗಳಲ್ಲಿ ಸಿಗುವುದು ಕೆಸರು. ಈ ಲೆಕ್ಕವನ್ನು ಕೆರೆಯಂಗಳದಲ್ಲೇ, ಸುಣ್ಣದಲ್ಲಿ ಒಂದು ಎಕರೆ ಗುರುತು ಹಾಕಿ ಹೇಳಬೇಕು.

100 ಘನ ಅಡಿ ಹಿಡಿಯುವ ಟ್ರೈಲರಿಗೆ ಈ ಹೂಳು 1,740 ಲೋಡು. ಅಗೆದ ಮಣ್ಣು ಉಬ್ಬುವುದರಿಂದ 2,000 ಎಂದೇ ಹಿಡಿಯಿರಿ. ಹತ್ತು ಟ್ರ್ಯಾಕ್ಟರ್ ದಿನಕ್ಕೆ ಹತ್ತು ಸಲ ಹೊಡೆದರೆ 20 ದಿನ. ಎಕರೆಗೆ 40 ಲೋಡಿನಂತೆ ಹಂಚಿದರೆ 50 ಎಕರೆ ಹೊಲಕ್ಕೆ ಒಂದಂಗುಲ ಗೋಡು, ಅಂದರೆ ಕೆರೆ ಮಣ್ಣು. ಮಣ್ಣು ಒಯ್ಯುವವರೇ ಲೋಡಿನ ಲೆಕ್ಕದಲ್ಲಿ ಜೆಸಿಬಿ ಬಾಡಿಗೆ ಕಟ್ಟುತ್ತಾರೆ. ಮೊದಲ ಲೋಡು ಕಡಿಮೆ ಜಮೀನಿನವರ ಹೊಲಕ್ಕೆ ಹೋಗಬೇಕು. ಸಮಿತಿಯವರ ಹೊಲಕ್ಕೆ ಹೋಯಿತೋ, ಮೂರನೇ ದಿನಕ್ಕೆ ಕೆಲಸ ನಿಂತಿತು ಅಂತಲೇ ತಿಳಿಯಿರಿ.

ಅಚ್ಚುಕಟ್ಟು 40 ಹೆಕ್ಟೇರಿಗಿಂತ ಹೆಚ್ಚಿದ್ದರೆ ಕೆರೆ ಸಣ್ಣ ನೀರಾವರಿ ಇಲಾಖೆಯದ್ದು. ಕಡಿಮೆಯಿದ್ದರೆ ಪಂಚಾಯಿತಿಯಲ್ಲಿ ವಿಚಾರಿಸಿ. ಒಪ್ಪಿಗೆ ಬರಹದಲ್ಲೇ ಇರಲಿ. ಕೆರೆ ಒಣಗಿದ ಕೂಡಲೇ ಶುರುಮಾಡಿ. ಮೇ ಮಳೆ ಒಂದು ಬಿದ್ದರೂ ಟ್ರ್ಯಾಕ್ಟರ್ ಹೂತುಕೊಳ್ಳುತ್ತದೆ. ಏರಿಯ ಬುಡದಿಂದ 30 ಅಡಿಯೊಳಗೆ ಬಕೆಟ್ ಹಾಕಿಸುವುದಿಲ್ಲ. ಬುಡ ಸಡಿಲವಾದರೆ ಏರಿಗೇ ಅಪಾಯ. ಮೊದಲೇ ಎರಡು ಮೂರು ಕಡೆ ಗುಂಡಿ ತೋಡಿ ನೋಡಿ. ಮರಳೋ ಗರಸೋ ಸಿಗುವುದಕ್ಕೆ ಒಂದಡಿ ಮೇಲೇ ನಿಲ್ಲಿಸಬೇಕು. ಜಿಗುಟು ಮಣ್ಣಿನ ಪದರ ಹರಿದರೆ ನೀರು ಕೆಳಗಿಳಿದುಹೋಗುತ್ತದೆ. ಇಟ್ಟಿಗೆ ಗೂಡಿನವರು ದುಡ್ಡು ಹಿಡಿದು ಬರುತ್ತಾರೆ, ಅವರಿಗೆ ಬೇಕಾದ್ದು ಆ ಪದರವೇ.

ಒತ್ತುವರಿ ತೆರವಿನಿಂದ ಶುರುಮಾಡಿದರೆ ಊರು ಎರಡು ಹೋಳು. ಸರ್ವೆಗೆ ಅರ್ಜಿ ಹಾಕಿ, ಕೆಲಸ ಹೂಳಿನಿಂದಲೇ ಶುರುವಾಗಲಿ. ಪ್ರತಿ ಸಂಜೆ ಲೋಡು, ಜೆಸಿಬಿ ಓಡಿದ ಗಂಟೆ, ಡೀಸೆಲ್, ಉಳಿದ ಹಣ ಇಷ್ಟನ್ನೂ ಅರಳಿಕಟ್ಟೆಯ ಹಲಗೆಯ ಮೇಲೆ ಬರೆಸಿ. ಕೇಳಿದವರಿಗೆ ಮಾತ್ರ ತೋರಿಸುವ ಪುಸ್ತಕದ ಲೆಕ್ಕವನ್ನು ಯಾರೂ ನಂಬುವುದಿಲ್ಲ.

ಕೆರೆಯಿಂದ ನೀರು ಬಿಡುವ ತೂಬಿನ ಮಟ್ಟಕ್ಕಿಂತ ಕೆಳಗೆ ನಿಂತ ನೀರು ತಾನಾಗಿ ಹರಿದುಹೋಗದು, ಆದರೆ ಪಂಪ್‌ಸೆಟ್ಟಿಗೆ ಎಟುಕುತ್ತದೆ. ಆ ನೀರಿಗೆ ಮೋಟಾರು ಇಳಿಸಕೂಡದೆಂಬ ಠರಾವು ಜೆಸಿಬಿ ಬರುವ ಮೊದಲೇ ಆಗಬೇಕು. ಮೊದಲ ಸಹಿ ಕೆರೆ ಪಕ್ಕದ ಪಂಪ್‌ಸೆಟ್‌ನವರದೇ ಇರಲಿ.