ಕರಾವಳಿಯ ಹಟ್ಟಿಯಲ್ಲಿ ಬ್ಲಾಸ್ಟಿಂಗ್: ಗನ್ ಆಮೇಲೆ, ಮೊದಲು ಗಾಳಿ ಒಣಗಲಿ

ಬ್ಲಾಸ್ಟಿಂಗ್ ಅಂದರೆ ಒತ್ತಿದ ಗಾಳಿಯ ಜೊತೆ ಗ್ರಿಟ್, ಅಂದರೆ ಗಟ್ಟಿ ಹರಳಿನ ಪುಡಿ, ಗನ್ನಿನಿಂದ ಹೊಡೆದು ತುಕ್ಕು ಕೀಳುವುದು. ಕಾರಿನ ಹಳೇ ಭಾಗಗಳ ತುಕ್ಕು ತೆಗೆಯಲು ಮನೆಯಲ್ಲೇ ಬ್ಲಾಸ್ಟಿಂಗ್ ಸೆಟ್ ಮಾಡಬೇಕು ಅಂತ ಬರುವವರೆಲ್ಲ ಮೊದಲು ಕೇಳುವುದು ಒಂದೇ: "ಗನ್ ಯಾವುದು ತಗೊಳ್ಳಲಿ?" ಗನ್ ಯಾವುದಾದರೂ ಆಗುತ್ತದೆ ಮಾರಾಯ್ರೆ. ಕಟಪಾಡಿಯಲ್ಲಾಗಲಿ, ಮಂಗಳೂರಿನಲ್ಲಾಗಲಿ, ಈ ಕೆಲಸ ಕೆಡುವುದು ಗನ್ನಿನಿಂದ ಅಲ್ಲ, ನೀರಿನಿಂದ. ಒಣ ಊರಿನವರು ಮಾಡಿದ ವಿಡಿಯೋ ನೋಡಿ ಸಾಮಾನು ಜೋಡಿಸಿದರೆ ಅಲ್ಲಿ ನಡೆದದ್ದು ಇಲ್ಲಿ ನಡೆಯುವುದಿಲ್ಲ.

ನನ್ನ ಕೆಲಸ ಮನೆ ಹಿಂದಿನ ಹಳೇ ಹಟ್ಟಿಯಲ್ಲಿ. ದನ ಈಗ ಇಲ್ಲ. ಕೆಂಪು ಕಲ್ಲಿನ ಗೋಡೆ, ಹಂಚಿನ ಮಾಡು, ನಡುವೆ ಬಿಚ್ಚಿ ಹರಡಿದ ಒಂದು ಪ್ರೀಮಿಯರ್ ಪದ್ಮಿನಿ. ಮುಂದಿನ ವಿಶ್‌ಬೋನ್, ಹಿಂದಿನ ಲೀಫ್ ಸ್ಪ್ರಿಂಗಿನ ಶ್ಯಾಕಲ್, ಬ್ರಾಕೆಟ್, ಚಕ್ರದ ರಿಮ್, ಇಂಥವನ್ನೆಲ್ಲ ಇಲ್ಲೇ ಕ್ಲೀನ್ ಮಾಡುತ್ತೇನೆ. ಚಾಸಿಯೋ ಇಡೀ ಬಾಡಿಯೋ ಆದರೆ ಮನೆಯಲ್ಲಿ ಹೊರಡಬೇಡಿ. ಬೈಕಂಪಾಡಿಯಂಥ ಕೈಗಾರಿಕಾ ಪ್ರದೇಶದಲ್ಲಿ ವಿಚಾರಿಸಿ ಕೊಟ್ಟುಬಿಡಿ.

ಕಂಪ್ರೆಸರ್

ದುಡ್ಡಿನ ದೊಡ್ಡ ಪಾಲು ಇಲ್ಲಿಗೇ ಹೋಗಲಿ. ಬ್ಲಾಸ್ಟಿಂಗಿಗೆ ಒತ್ತಡಕ್ಕಿಂತ ಗಾಳಿಯ ಪ್ರಮಾಣ ಮುಖ್ಯ. 2.4 ಮಿ.ಮೀ. ಏರ್ ಜೆಟ್ (ಗಾಳಿ ಹೊರಡುವ ಸಣ್ಣ ರಂಧ್ರ) ಇರುವ ಸಕ್ಷನ್ ಗನ್, ಅಂದರೆ ಗ್ರಿಟ್ಟನ್ನು ತಾನೇ ಹೀರಿಕೊಳ್ಳುವ ಗನ್, 80 ಪಿಎಸ್‌ಐ ಒತ್ತಡದಲ್ಲಿ ಸುಮಾರು 10-11 ಸಿಎಫ್‌ಎಂ (ನಿಮಿಷಕ್ಕೆ ಇಷ್ಟು ಘನ ಅಡಿ) ಗಾಳಿ ತಿನ್ನುತ್ತದೆ. ಅದೇ ಜೆಟ್ 3.2 ಮಿ.ಮೀ. ಆದರೆ 20ರ ಹತ್ತಿರ ಬೇಕು. ರಂಧ್ರ ಒಂದು ಮಿಲಿಮೀಟರ್ ಕೂಡ ದೊಡ್ಡದಾಗಿಲ್ಲ, ಗಾಳಿ ಮಾತ್ರ ಹೆಚ್ಚುಕಡಿಮೆ ಎರಡು ಪಟ್ಟು. ಗನ್ ಜೊತೆ ಎರಡು ಮೂರು ಜೆಟ್ ಕೊಟ್ಟಿದ್ದರೆ ಸಣ್ಣದನ್ನೇ ಹಾಕಿ.

3 ಎಚ್‌ಪಿ ಕಂಪ್ರೆಸರಿನ ಮೇಲೆ 11-12 ಸಿಎಫ್‌ಎಂ ಅಂತ ಬರೆದಿದ್ದರೆ ಅದು ಸಾಮಾನ್ಯವಾಗಿ ಪಿಸ್ಟನ್ನಿನ ಲೆಕ್ಕ. ನಿಮ್ಮ ಕೈಗೆ ಸಿಗುವ ಗಾಳಿಗೆ ಎಫ್‌ಎಡಿ ಅನ್ನುತ್ತಾರೆ. ಮೂರರಲ್ಲಿ ಎರಡು ಪಾಲು ಸಿಕ್ಕೀತು ಅಂತ ಇಟ್ಟುಕೊಳ್ಳಿ. ಅಂದರೆ 3 ಎಚ್‌ಪಿಯಲ್ಲಿ ನಿಲ್ಲಿಸಿ ನಿಲ್ಲಿಸಿ ಕೆಲಸ ಮಾಡಬಹುದು, 5 ಎಚ್‌ಪಿಯಲ್ಲಿ ಒಂದೇ ಸಮ ಮಾಡಬಹುದು. 5 ಎಚ್‌ಪಿಗೆ ಸಾಧಾರಣವಾಗಿ ತ್ರೀ ಫೇಸ್ ಬೇಕು. ತೋಟಕ್ಕೆ ಪಂಪ್ ಇರುವವರ ಮನೆಯಲ್ಲಿ ಅದು ಇರಲೂಬಹುದು, ಆದರೆ ಯಾವ ಕನೆಕ್ಷನ್, ಎಷ್ಟು ಲೋಡಿಗೆ ಮಂಜೂರಾಗಿದೆ ಅಂತ ಕರೆಂಟಿನ ಕಂಪನಿ ಮೆಸ್ಕಾಂನಲ್ಲಿ ಕೇಳಿಯೇ ಜೋಡಿಸಿ.

"ದೊಡ್ಡ ಟ್ಯಾಂಕ್ ಇದ್ದರೆ ಸಾಕಲ್ವಾ?" ಅಂತಲೂ ಕೇಳುತ್ತಾರೆ. ಸಾಲದು. 160 ಲೀಟರ್ ಟ್ಯಾಂಕ್ 120ರಿಂದ 80 ಪಿಎಸ್‌ಐಗೆ ಇಳಿಯುವಾಗ ಕೊಡುವುದು ಸುಮಾರು 15 ಘನ ಅಡಿ ಗಾಳಿ. ನಮ್ಮ ಸಣ್ಣ ಜೆಟ್ ಅದನ್ನು ಒಂದೂವರೆ ನಿಮಿಷದೊಳಗೆ ಮುಗಿಸುತ್ತದೆ. ಆಮೇಲೆ ಎಲ್ಲವೂ ಪಂಪಿನ ಮೇಲೆ. ಸೆಕೆಂಡ್ ಹ್ಯಾಂಡ್ ತಗೊಳ್ಳುವವರು ಟ್ಯಾಂಕಿನ ಅಡಿಭಾಗ ನೋಡಿ. ಕರಾವಳಿಯ ಟ್ಯಾಂಕ್ ಒಳಗಿನಿಂದ ತುಕ್ಕು ಹಿಡಿಯುತ್ತದೆ, ಹೊರಗೆ ಪೇಂಟ್ ಚಂದ ಇರುತ್ತದೆ. ಹೈಡ್ರೋ ಟೆಸ್ಟ್ (ನೀರು ತುಂಬಿ ಒತ್ತಡ ಕೊಟ್ಟು ನೋಡುವುದು) ಮಾಡಿಸದೆ, ಸೇಫ್ಟಿ ವಾಲ್ವ್ ಎಳೆದು ನೋಡದೆ ಮನೆಗೆ ತರಬೇಡಿ.

ನೀರು

ಲೆಕ್ಕ ಹಾಕಿ ನೋಡಿ. 30 ಡಿಗ್ರಿ ಸೆಕೆಯಲ್ಲಿ ಒಂದು ಘನ ಮೀಟರ್ ಗಾಳಿ ಹೆಚ್ಚೆಂದರೆ 30 ಗ್ರಾಂ ನೀರಿನ ಆವಿ ಹಿಡಿದುಕೊಳ್ಳುತ್ತದೆ. ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್) 90 ಶೇಕಡ ತೇವ ಇದ್ದರೆ ಅದರಲ್ಲಿ 27 ಗ್ರಾಂ ಆಗಲೇ ಇದೆ. ಅದನ್ನು 7 ಬಾರ್ ಗೇಜಿಗೆ (ಹೊರಗಿನ ಗಾಳಿಯ ಒಂದು ಬಾರ್ ಸೇರಿ ಒಟ್ಟು 8) ಒತ್ತಿದರೆ ಗಾಳಿ ಎಂಟರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಮತ್ತೆ ತಣಿದ ಮೇಲೆ ಅಷ್ಟು ಜಾಗದಲ್ಲಿ 4 ಗ್ರಾಂ ನೀರು ಮಾತ್ರ ಆವಿಯಾಗಿ ಉಳಿಯಬಲ್ಲದು. ಬಾಕಿ 23 ಗ್ರಾಂ ನೀರಾಗಿ ಬೀಳಬೇಕು. 10 ಸಿಎಫ್‌ಎಂ ಅಂದರೆ ಗಂಟೆಗೆ 17 ಘನ ಮೀಟರ್. ಗಂಟೆಗೆ 400 ಗ್ರಾಂ ಹತ್ತಿರ ನೀರು. ಅದು ಟ್ಯಾಂಕಿನಲ್ಲಿ ಬೀಳದಿದ್ದರೆ ನಿಮ್ಮ ಗ್ರಿಟ್ಟಿನ ಮೇಲೆ ಬೀಳುತ್ತದೆ. ಗ್ರಿಟ್ ಆಗ ಮಳೆಗಾಲದ ಉಪ್ಪಿನ ಭರಣಿಯ ಹಾಗೆ ಗಟ್ಟಿ ಕಟ್ಟುತ್ತದೆ. ಗನ್ ಒಂದು ಸಲ ಉಗುಳುತ್ತದೆ, ಒಂದು ಸಲ ಸುಮ್ನೆ ಗಾಳಿ ಬಿಡುತ್ತದೆ. ಜನ ಗನ್ ಸರಿ ಇಲ್ಲ ಅಂತ ಇನ್ನೊಂದು ಗನ್ ತರುತ್ತಾರೆ.

ಇದಕ್ಕೆ ಪರಿಹಾರ ವಾಟರ್ ಟ್ರ್ಯಾಪ್ ಅಂತ ಅಂಗಡಿಯವರು ಹೇಳುತ್ತಾರೆ. ಸರಿಯೇ, ಆದರೆ ಜಾಗ ತಪ್ಪಿದರೆ ಅದು ದಂಡ. ಟ್ರ್ಯಾಪ್ ಹಿಡಿಯುವುದು ಹನಿಯನ್ನು, ಆವಿಯನ್ನಲ್ಲ. ಕಂಪ್ರೆಸರಿನ ಬಾಯಲ್ಲೇ ಕೂರಿಸಿದರೆ ಗಾಳಿ ಇನ್ನೂ ಬಿಸಿ, ನೀರು ಇನ್ನೂ ಆವಿ. ಅದು ಟ್ರ್ಯಾಪ್ ದಾಟಿ ಹೋಗಿ ಹೋಸಿನಲ್ಲಿ ತಣಿದು ಅಲ್ಲಿ ನೀರಾಗುತ್ತದೆ. ಹಾಗಾಗಿ ಮೊದಲು ಗಾಳಿ ತಣಿಯಬೇಕು, ಟ್ರ್ಯಾಪ್ ಆಮೇಲೆ.

ನನ್ನ ಹಟ್ಟಿಯ ಗೋಡೆಯಲ್ಲಿ ಮುಕ್ಕಾಲು ಇಂಚಿನ ಜಿಐ ಪೈಪ್ ಮೇಲೆ ಕೆಳಗೆ, ಮೇಲೆ ಕೆಳಗೆ ಅಂತ ಸುತ್ತು ಹಾಕಿ ಹೋಗುತ್ತದೆ, ಒಟ್ಟು 15 ಮೀಟರ್ ಇರಬಹುದು. ಪ್ರತಿ ಸುತ್ತು ಕೆಳಗೆ ತಿರುಗುವಲ್ಲಿ ಒಂದು ಟೀ, ಟೀ ಕೆಳಗೆ ಒಂದಡಿ ಪೈಪಿನ ತುಂಡು, ಅದರ ತುದಿಗೆ ಬಾಲ್ ವಾಲ್ವ್. ನೀರು ಆ ತುಂಡಿನಲ್ಲಿ ನಿಲ್ಲುತ್ತದೆ. ಸಂಜೆ ವಾಲ್ವ್ ತಿರುಗಿಸಿದರೆ ಮೊದಲು ಒಂದು ಕೆಮ್ಮು, ಆಮೇಲೆ ಕಾಫಿ ಬಣ್ಣದ ನೀರು ಚಿಮ್ಮುತ್ತದೆ, ಮೇಲೆ ಸ್ವಲ್ಪ ಎಣ್ಣೆಯ ಪಸೆ. ಕಂಪ್ರೆಸರಿಗೆ ಹತ್ತಿರದ ಮೊದಲನೇ ವಾಲ್ವಿನಲ್ಲಿ ಜಾಸ್ತಿ ಬರುತ್ತದೆ, ಕೊನೆಯದರಲ್ಲಿ ಕೆಲವೇ ಹನಿ. ಕೊನೆಯದರಲ್ಲೂ ಜೋರಾಗಿ ಬಂದರೆ ಪೈಪ್ ಸಾಲದು ಅಂತ ಅರ್ಥ. ಗನ್ನಿಗೆ ಹೋಗುವ ಲೈನನ್ನು ಪೈಪಿನ ಮೇಲ್ಭಾಗದಿಂದ ತೆಗೆಯಿರಿ, ಅಡಿಯಿಂದ ತೆಗೆದರೆ ನೀರನ್ನು ನೀವೇ ಕರೆದ ಹಾಗೆ.

ಪಿವಿಸಿ ಪೈಪ್ ಬೇಡವೇ ಬೇಡ. ಅದರಲ್ಲಿ ನೀರು ಹೋದರೆ ಸರಿ, ಒತ್ತಿದ ಗಾಳಿ ಹೋಗಬಾರದು. ಒಡೆದರೆ ಚೂರು ಚೂರಾಗಿ ಸಿಡಿಯುತ್ತದೆ. ಅಗ್ಗ ಅಂತ ಹಾಕಿಕೊಂಡವರು ಉಂಟು, ಅವರ ಗ್ಯಾರೇಜಿಗೆ ನಾನು ಕಾಲಿಡುವುದಿಲ್ಲ.

ಪೈಪಿನ ಕೊನೆಗೆ ರೆಗ್ಯುಲೇಟರ್ ಇರುವ ಟ್ರ್ಯಾಪ್, ಅದರ ಆಚೆ ಸಿಲಿಕಾ ಜೆಲ್ ತುಂಬಿದ ಸಿಲಿಂಡರ್. ಗನ್ನಿನ ಬಾಯಲ್ಲಿ ಗಾಳಿ ಹಿಗ್ಗಿ ತಣ್ಣಗಾಗುತ್ತದಲ್ವಾ, ಉಳಿದ ಆವಿ ಅಲ್ಲಿ ನೀರಾಗದಿರಲು ಈ ಜೆಲ್. ಕಿತ್ತಳೆ ಬಣ್ಣದ ಜೆಲ್ ತೇವ ಕುಡಿದರೆ ಹಸಿರಾಗುತ್ತದೆ. ಹಸಿರಾದದ್ದನ್ನು ಓವನ್ನಿನಲ್ಲಿ 120 ಡಿಗ್ರಿಯಲ್ಲಿ ಒಣಗಿಸಿ ಮತ್ತೆ ಬಳಸಬಹುದು. ಅಡಿಗೆಯ ಓವನ್ ಬೇಡ, ಗುಜರಿಯಲ್ಲಿ ಹಳೇದೊಂದು ಹುಡುಕಿ.

ಪೆಟ್ಟಿಗೆ

ಗ್ರಿಟ್ ಹೊರಗೆ ಹಾರದಂತೆ ಮುಚ್ಚಿದ ಕ್ಯಾಬಿನೆಟ್ ಬೇಕು. ಹಳೇ ಫ್ರಿಜ್ ಬಳಸುತ್ತಾರೆ, ನನಗೆ ಇಷ್ಟ ಇಲ್ಲ. ಒಳಗಿನ ಪ್ಲಾಸ್ಟಿಕ್ಕನ್ನು ಗ್ರಿಟ್ ತಿಂದುಹಾಕುತ್ತದೆ, ಗ್ಯಾಸಿನ ಪೈಪಿನ ರಗಳೆ ಬೇರೆ. 200 ಲೀಟರ್ ಡ್ರಮ್ ಅಡ್ಡ ಮಲಗಿಸಿದರೆ ಒಳ್ಳೆಯ ಕ್ಯಾಬಿನೆಟ್ ಆಗುತ್ತದೆ. ಆದರೆ ಡ್ರಮ್ಮಿನಲ್ಲಿ ಮೊದಲು ಏನಿತ್ತು ಅಂತ ಗೊತ್ತಿರಬೇಕು. ಥಿನ್ನರೋ ಪೆಟ್ರೋಲೋ ಇದ್ದ ಡ್ರಮ್ಮಿಗೆ ಗ್ರೈಂಡರ್ ಇಟ್ಟರೆ ಉಳಿದ ಆವಿಗೆ ಕಿಡಿ ತಾಗಿ ಸ್ಫೋಟ ಆಗುತ್ತದೆ. ತೊಳೆದರೂ ನಂಬಬಾರದು. ಅಡುಗೆ ಎಣ್ಣೆ ಬಂದ ಡ್ರಮ್ಮನ್ನೇ ಹುಡುಕಿ.

ಕೆಳಗಿನ ಹಾಪರಿನ (ಗ್ರಿಟ್ ಜಾರಿ ಬಂದು ಸೇರುವ ಆಲಿಕೆ) ಇಳಿಜಾರು 60 ಡಿಗ್ರಿ ಇರಲಿ. ಎಷ್ಟೋ ಡ್ರಾಯಿಂಗಿನಲ್ಲಿ 45 ಅಂತ ಇರುತ್ತದೆ, ನಮ್ಮ ತೇವದಲ್ಲಿ ಗ್ರಿಟ್ ಅಷ್ಟಕ್ಕೆ ಜಾರುವುದಿಲ್ಲ. ಕೈ ಹಾಕುವ ತೂತಿನ ಎತ್ತರ ಮೊದಲು ರಟ್ಟಿನಲ್ಲಿ ಕೊರೆದು, ಎದುರು ನಿಂತು ನೋಡಿ. ಒಂದು ಇಂಚು ಮೇಲಾದರೂ ಭುಜ ನೋಯುತ್ತದೆ. ತೂತಿಗೆ ಪಿವಿಸಿ ಪೈಪಿನ ತುಂಡು ಕೂರಿಸಿ, ಉದ್ದ ರಬ್ಬರ್ ಗ್ಲೌಸನ್ನು ಅದಕ್ಕೆ ಕ್ಲ್ಯಾಂಪ್ ಹಾಕಿ ಬಿಗಿಯಿರಿ. ಪಿವಿಸಿಗೆ ಇಲ್ಲಿ ಕೆಲಸ ಉಂಟು. ನೋಡುವ ಗಾಜಿನ ಒಳಬದಿಗೆ ಪಾರದರ್ಶಕ ಪ್ಲಾಸ್ಟಿಕ್ ಶೀಟ್ ಅಂಟಿಸಿ, ಮಸುಕಾದಾಗ ಬದಲಿಸಿ. ಲೈಟು ಹೊರಗಿಂದಲೇ, ಇನ್ನೊಂದು ಗಾಜಿನ ಮೂಲಕ.

ಧೂಳು ಎಳೆಯಲು ವ್ಯಾಕ್ಯೂಮ್ ಕ್ಲೀನರ್ ಸಾಕು, ಆದರೆ ನಡುವೆ ಒಂದು ಸೈಕ್ಲೋನ್ (ಗಾಳಿ ಸುತ್ತಿಸಿ ಧೂಳು ಕೆಳಗೆ ಬೀಳಿಸುವ ಶಂಕು) ಮತ್ತು ಖಾಲಿ 20 ಲೀಟರ್ ಪೇಂಟ್ ಬಕೆಟ್ ಇರಲಿ. ಇಲ್ಲದಿದ್ದರೆ ಫಿಲ್ಟರ್ ಬೇಗ ಕಟ್ಟಿಕೊಳ್ಳುತ್ತದೆ. ಕ್ಯಾಬಿನೆಟ್ಟಿಗೆ ಗಾಳಿ ಒಳಬರಲು ಒಂದು ಕಿಂಡಿಯೂ ಬೇಕು. ಇಲ್ಲದಿದ್ದರೆ ವ್ಯಾಕ್ಯೂಮ್ ಹಾಕಿದ ಕೂಡಲೇ ಗ್ಲೌಸ್ ಉಬ್ಬಿ ಒಳಗೆ ನಿಲ್ಲುತ್ತದೆ, ಬೆರಳು ಮಡಚಲು ಆಗುವುದಿಲ್ಲ. ಗ್ರಿಟ್ ಉಜ್ಜಿ ಸ್ಟ್ಯಾಟಿಕ್ ಹುಟ್ಟುತ್ತದೆ, ಆದ್ದರಿಂದ ಗನ್ ಮತ್ತು ಪೆಟ್ಟಿಗೆ ಎರಡಕ್ಕೂ ಅರ್ಥಿಂಗ್ ಕೊಡಿ.

ಹೊಯಿಗೆ ಬೇಡ

ನೇತ್ರಾವತಿಯದ್ದಾಗಲಿ, ಸ್ವರ್ಣೆಯದ್ದಾಗಲಿ, ಹೊಯಿಗೆ (ಮರಳು) ಬಳಸಬೇಡಿ. ಅದರಲ್ಲಿರುವ ಸಿಲಿಕಾ ಒಡೆದು ಕಣ್ಣಿಗೆ ಕಾಣದ ಧೂಳಾಗಿ ಶ್ವಾಸಕೋಶಕ್ಕೆ ಇಳಿಯುತ್ತದೆ. ಅದರಿಂದ ಸಿಲಿಕೋಸಿಸ್ ಅನ್ನುವ ಶ್ವಾಸಕೋಶದ ಕಾಯಿಲೆ ಬಂದರೆ ಗುಣವಾಗುವುದಿಲ್ಲ. ಬ್ರಿಟನ್ 1949ರ ನಿಯಮದಲ್ಲೇ ಬ್ಲಾಸ್ಟಿಂಗಿಗೆ ಮರಳು ನಿಷೇಧಿಸಿತು. ನಮ್ಮ 1948ರ ಕಾರ್ಖಾನೆ ಕಾಯ್ದೆಯಲ್ಲೂ ಇದು, ಕಂಡರೆ ವರದಿ ಮಾಡಲೇಬೇಕಾದ ಕಾಯಿಲೆಗಳ ಪಟ್ಟಿಯಲ್ಲಿತ್ತು. ಕಡಲ ಹೊಯಿಗೆಯಲ್ಲಂತೂ ಉಪ್ಪು ಬೇರೆ.

ಕಬ್ಬಿಣದ ಭಾಗಕ್ಕೆ ಕಂದು ಅಲ್ಯುಮಿನಿಯಂ ಆಕ್ಸೈಡ್, 80 ನಂಬರ್. ಬೆಲೆ ಜಾಸ್ತಿ ಅನಿಸಿದರೂ ಕ್ಯಾಬಿನೆಟ್ಟಿನಲ್ಲಿ ಮತ್ತೆ ಮತ್ತೆ ತಿರುಗುತ್ತದೆ. ಪೇಂಟಿನ ಚಕ್ಕೆಯನ್ನು ಸೊಳ್ಳೆ ಪರದೆಯಲ್ಲಿ ಸೋಸಿದರೆ ಆಯಿತು. ಅಲ್ಯುಮಿನಿಯಂ ವಾಲ್ವ್ ಕವರ್, ಕಾರ್ಬ್ಯುರೇಟರಿನ ಹೊರಮೈ, ಇವಕ್ಕೆ ಗ್ಲಾಸ್ ಬೀಡ್ (ಸಣ್ಣ ಗಾಜಿನ ಮಣಿ), 40-50 ಪಿಎಸ್‌ಐ. ಇಂಜಿನ್ನಿನ ಒಳಭಾಗ, ಬೇರಿಂಗ್, ಎಣ್ಣೆ ಹರಿಯುವ ರಂಧ್ರ ಇರುವ ಯಾವುದನ್ನೂ ಪೆಟ್ಟಿಗೆಗೆ ಹಾಕಬೇಡಿ. ಒಂದು ಮಣಿ ಒಳಗೆ ಉಳಿದರೆ ಸಾಕು, ಇಂಜಿನ್ ಓಡುವಾಗ ಅದು ಹೊರಗೆ ಬರುತ್ತದೆ.

ಒಳ್ಳೆ ಗ್ರಿಟ್ ಆದರೂ ಮಾಸ್ಕ್ ಬೇಕು. ಹಳೇ ಪೇಂಟಿನಲ್ಲಿ ಸೀಸ ಇರಬಹುದು. ಬಟ್ಟೆ ಕಟ್ಟಿದರೆ ಏನೂ ಪ್ರಯೋಜನ ಇಲ್ಲ, ಪಿ100 ಫಿಲ್ಟರಿನ ರಬ್ಬರ್ ಮಾಸ್ಕ್ ತಗೊಳ್ಳಿ. ಕಿವಿಗೆ ಮಫ್. ಹಳೇ ಕಾರಿನ ಬ್ರೇಕ್ ಡ್ರಮ್ ಆದರೆ ಒಳಗಿನ ಧೂಳಿನಲ್ಲಿ ಕಲ್ನಾರು ಇರಬಹುದು, ಗಾಳಿ ಊದದೆ ಒದ್ದೆ ಮಾಡಿ ತೊಳೆಯಿರಿ.

ಹೊಡೆಯುವುದು, ಬಣ್ಣ ಹಚ್ಚುವುದು

ಮೊದಲು ಗ್ರೀಸ್ ಪೂರ್ತಿ ಹೋಗಬೇಕು. ಡಿಗ್ರೀಸರಿನಲ್ಲಿ ಉಜ್ಜಿ, ಬಾವಿಯ ಸಿಹಿನೀರಿನಲ್ಲಿ ಚೆನ್ನಾಗಿ ತೊಳೆದು ಒಣಗಿಸಿ. ಈ ತೊಳೆಯುವುದು ಬರೀ ಎಣ್ಣೆಗಲ್ಲ. ಇಲ್ಲಿ ಓಡಿದ ಕಾರಿನ ತುಕ್ಕಿನ ಗುಳಿಯಲ್ಲಿ ಉಪ್ಪು ಕೂತಿರುತ್ತದೆ, ಬ್ಲಾಸ್ಟಿಂಗ್ ಅದನ್ನು ಪೂರ್ತಿ ತೆಗೆಯುವುದಿಲ್ಲ. ಬೆಳ್ಳಗೆ ಹೊಡೆದಿಟ್ಟ ತುಂಡಿನಲ್ಲಿ ಮರುದಿನ ಅದದೇ ಜಾಗದಲ್ಲಿ ಕಪ್ಪು ಚುಕ್ಕೆ ಎದ್ದರೆ ಉಪ್ಪೇ. ಮತ್ತೆ ತೊಳೆದು, ಒಣಗಿಸಿ, ಮತ್ತೊಮ್ಮೆ ಹಗುರವಾಗಿ ಹೊಡೆಯಿರಿ.

ಬೋಲ್ಟ್ ಕೂರುವ ತೂತಿನ ಥ್ರೆಡ್ಡಿಗೆ ಹಳೇ ಬೋಲ್ಟ್ ಹಾಕಿ ಮುಚ್ಚಿ, ಬುಶ್ ಕೂರುವ ಜಾಗಕ್ಕೆ ರಬ್ಬರ್ ಬಿರಡೆ. ದಪ್ಪ ಕಬ್ಬಿಣಕ್ಕೆ 80 ಪಿಎಸ್‌ಐ, ನಾಝಲ್ ನಾಲ್ಕರಿಂದ ಆರು ಇಂಚು ದೂರ, ನೇರ ಅಲ್ಲ, ಸ್ವಲ್ಪ ಓರೆ. ಬಾನೆಟ್, ಬಾಗಿಲಿನಂಥ ತಗಡಿಗೆ ಇದನ್ನು ತೋರಿಸಬೇಡಿ. ಬಿಸಿಗೆ ಬಾಗುತ್ತದೆ ಅಂತ ಜನ ಅಂದುಕೊಳ್ಳುತ್ತಾರೆ. ಅಲ್ಲ, ಒಂದು ಬದಿಗೆ ಮಾತ್ರ ಲಕ್ಷಗಟ್ಟಲೆ ಸಣ್ಣ ಪೆಟ್ಟು ಬಿದ್ದು ಆ ಮೈ ಹಿಗ್ಗಿ ತಗಡು ಉಬ್ಬುವುದು.

ಹೊಡೆದ ಕಬ್ಬಿಣ ಬೂದು ಬಣ್ಣದ ಮ್ಯಾಟ್ ಮೈಯಾಗಿ ಹೊರಬರುತ್ತದೆ. ಬರಿಗೈಯಲ್ಲಿ ಮುಟ್ಟಿದರೆ ಬೆರಳಚ್ಚಿನಲ್ಲೇ ತುಕ್ಕು ಏಳುತ್ತದೆ. ಜುಲೈಯಲ್ಲಾದರೆ ಒಂದೆರಡು ಗಂಟೆಯಲ್ಲೇ ಕಿತ್ತಳೆ ಛಾಯೆ ಬರುತ್ತದೆ. ಆದ್ದರಿಂದ ಎಪಾಕ್ಸಿ ಪ್ರೈಮರ್, ಬ್ರಶ್ಶು, ಥಿನ್ನರ್ ಎಲ್ಲ ಮೊದಲೇ ಎದುರಿಗಿರಲಿ. ತುಕ್ಕು ಏಳುವ ಮೊದಲು ಪ್ರೈಮರ್ ಹಚ್ಚಿ ಮುಗಿಸಬಲ್ಲಷ್ಟೇ ತುಂಡು ಹೊಡೆಯಿರಿ. ಪೇಂಟಿಂಗಿನವರ ನಿಯಮ ಎರಡು: ಗಾಳಿಯ ತೇವ 85 ಶೇಕಡ ದಾಟಿರಬಾರದು, ಲೋಹದ ಮೈ ಇಬ್ಬನಿ ಕಟ್ಟುವ ಉಷ್ಣತೆಗಿಂತ 3 ಡಿಗ್ರಿಯಾದರೂ ಬೆಚ್ಚಗಿರಬೇಕು. ಮಳೆಗಾಲದಲ್ಲಿ ಮೊದಲನೆಯದು ಆಗದ ಮಾತು. ನಾನು ಒಂದು ಮರದ ಪೆಟ್ಟಿಗೆಯೊಳಗೆ 100 ವಾಟ್ ಹಳೇ ಬಲ್ಬ್ ಉರಿಸಿ ತುಂಡನ್ನು ಅದರಲ್ಲಿ ಬೆಚ್ಚಗಿಡುತ್ತೇನೆ, ಅಲ್ಲಿಂದ ನೇರ ಪ್ರೈಮರ್. ಥಿನ್ನರಿನಲ್ಲಿ ಒರೆಸುವುದು ಈ ಬಲ್ಬಿನ ಪೆಟ್ಟಿಗೆಗೆ ಹಾಕುವ ಮೊದಲು. ಆ ಪೆಟ್ಟಿಗೆಯ ಹತ್ತಿರ ಥಿನ್ನರ್ ಡಬ್ಬಿ ತೆರೆದಿಡಬೇಡಿ. ದೊಡ್ಡ ಲಾಟ್ ಇದ್ದರೆ ಡಿಸೆಂಬರಿನಿಂದ ಫೆಬ್ರವರಿಯವರೆಗೆ ಕಾಯಿರಿ. ಆಗ ಕೆಲಸ ಅರ್ಧಕ್ಕರ್ಧ ಸುಲಭ.

ಸಂಜೆ ಟ್ಯಾಂಕಿನ ನೀರು ಬಿಡಿ, ಪೈಪಿನ ವಾಲ್ವುಗಳನ್ನೂ. ಗ್ರಿಟ್ಟನ್ನು ಹಾಪರಿನಲ್ಲಿ ರಾತ್ರಿ ಬಿಡದೆ ಗಟ್ಟಿ ಮುಚ್ಚಳದ ಡಬ್ಬಿಗೆ ತುಂಬಿ. ಬಕೆಟ್ಟಿನಲ್ಲಿ ಕೂತ ಧೂಳನ್ನು ತೆಂಗಿನ ಬುಡಕ್ಕೋ ಬಾವಿ ಕಟ್ಟೆಯ ಹತ್ತಿರವೋ ಸುರಿಯಬೇಡಿ, ಹಳೇ ಪೇಂಟಿನ ಸೀಸ ಅದರಲ್ಲೇ ಇರುತ್ತದೆ. ಸ್ವಲ್ಪ ಒದ್ದೆ ಮಾಡಿ, ದಪ್ಪ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಹಳೇ ಬ್ಯಾಟರಿ, ಪೇಂಟ್ ಡಬ್ಬಿಯಂಥ ಅಪಾಯಕಾರಿ ಕಸದ ಜೊತೆ ಬೇರೆಯೇ ಕೊಡಿ.